ಸ್ಕಾಟ್ಲೆಂಡಿನಲ್ಲಿ ವಿಲ್: ಒಬ್ಬ ಮಗನನ್ನು ಪೂರ್ತಿ ಕೈಬಿಡಲು ಆಗುತ್ತದೆಯೇ?

ಕ್ಲೈಡ್ ದಡ (ಪ್ರಶ್ನೆ)

ಎಡಿನ್‌ಬರೊದಲ್ಲಿ ನೆಲೆಸಿರುವ ಕುಟುಂಬವೊಂದರ ಲೆಕ್ಕ ಕೊಡುತ್ತಿದ್ದೇನೆ. ಗಂಡ, ಹೆಂಡತಿ, ಮೂವರು ಮಕ್ಕಳು. ಮಕ್ಕಳೆಲ್ಲ ದೊಡ್ಡವರು. ಹಿರಿಮಗನಿಗೆ ಚಿಕ್ಕಾಸೂ ಹೋಗಬಾರದು ಎಂದು ತಂದೆಯ ಹಟ. ಆಸ್ತಿಯೆಲ್ಲ ತಂದೆಯ ಒಬ್ಬರ ಹೆಸರಿನಲ್ಲಿದೆ: ಮನೆ 2,80,000 ಪೌಂಡ್, ಅದರ ಮೇಲೆ ಅಡಮಾನದ ಸಾಲ 60,000. ಬ್ಯಾಂಕಿನಲ್ಲಿ 1,20,000 (ಅದರಲ್ಲಿ ಸುಮಾರು 20,000 ಬೆಂಗಳೂರಿನ ಎಫ್‌ಡಿ), ಷೇರು 40,000, ಕಾರು 8,000, ಮನೆ ಸಾಮಾನು 4,000. ಇದಲ್ಲದೆ ಮೈಸೂರಿನಲ್ಲಿ ಸ್ವಂತ ದುಡ್ಡಿನಲ್ಲಿ ಕೊಂಡ ಒಂದು ಸೈಟು. ಎಲ್ಲವನ್ನೂ ಹೆಂಡತಿಗೆ ಬರೆದು, ಹಿರಿಮಗನಿಗೆ ಯಾಕೆ ಕೊಟ್ಟಿಲ್ಲ ಎಂದು ಒಂದು ಪತ್ರ ಬರೆದು ವಿಲ್ ಜೊತೆ ಇಟ್ಟರೆ ಸಾಕೇ?

ಗುಮಾಸ್ತ

ಸಾಲದು. ಕಾರಣ ಬರೆದ ಪತ್ರ ಇಂಗ್ಲೆಂಡಿನ ಪದ್ಧತಿ. ಅಲ್ಲಿ 1975ರ ಕಾಯ್ದೆಯಡಿ ಮಗ ಕೋರ್ಟಿಗೆ ಹೋದರೆ, ಅವನಿಗೆ ಎಷ್ಟು ಕೊಡುವುದು ನ್ಯಾಯ ಎಂದು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಆಗ ಅಂಥ ಪತ್ರಕ್ಕೆ ಒಂದಿಷ್ಟು ಬೆಲೆ ಇರುತ್ತದೆ. ಸ್ಕಾಟ್ಲೆಂಡಿನಲ್ಲಿ ತೂಗಿ ನೋಡುವ ಪ್ರಶ್ನೆಯೇ ಬರುವುದಿಲ್ಲ. ಮಕ್ಕಳ ಪಾಲು ಒಂದು ಭಿನ್ನರಾಶಿ, ವಿಲ್‌ನಲ್ಲಿ ಏನೇ ಬರೆದಿದ್ದರೂ ಅದು ಅವರದು. ಇದಕ್ಕೆ ಲೀಗಲ್ ರೈಟ್ಸ್ ಅನ್ನುತ್ತಾರೆ. ಮಕ್ಕಳ ಪಾಲಿಗೆ ಲೆಜಿಟಿಮ್ ಎಂದು ಹೆಸರು, ಹಳಬರ ಬಾಯಲ್ಲಿ ಬೈರ್ನ್ಸ್ ಪಾರ್ಟ್. ಮಗ ಇಪ್ಪತ್ತು ವರ್ಷ ಫೋನ್ ಮಾಡಿಲ್ಲ, ಅವನೇ ಕೋಟ್ಯಧೀಶ, ಮನೆಯವರಿಗೆ ಬೈದು ಹೋದ, ಇದ್ಯಾವುದೂ ಲೆಕ್ಕಕ್ಕಿಲ್ಲ.

ಆದರೆ ಈ ಹಕ್ಕು ಇರುವುದು ಚರಾಸ್ತಿಯ ಮೇಲೆ ಮಾತ್ರ. ಜಮೀನು, ಕಟ್ಟಡದ ಮೇಲೆ ಇಲ್ಲ. ಸಂಗಾತಿ ಬದುಕಿದ್ದರೆ ನಿವ್ವಳ ಚರಾಸ್ತಿಯ ಮೂರನೇ ಒಂದು ಭಾಗ ಮಕ್ಕಳೆಲ್ಲರಿಗೂ ಸೇರಿ. ಸಂಗಾತಿ ಇಲ್ಲದಿದ್ದರೆ ಅರ್ಧ. ಗಂಡ ಅಥವಾ ಹೆಂಡತಿಗೂ ಇಂಥದ್ದೇ ಪಾಲು ಉಂಟು: ಮಕ್ಕಳಿದ್ದರೆ ಮೂರನೇ ಒಂದು, ಇಲ್ಲದಿದ್ದರೆ ಅರ್ಧ.

ನಿಮ್ಮ ಅಂಕಿ ಇಟ್ಟುಕೊಂಡು ನೋಡೋಣ. ಬ್ಯಾಂಕು, ಷೇರು, ಕಾರು, ಸಾಮಾನು ಸೇರಿ 1,72,000. ಅಂತ್ಯಕ್ರಿಯೆಗೆ 5,000, ಕ್ರೆಡಿಟ್ ಕಾರ್ಡು ಇತ್ಯಾದಿ ಬಾಕಿ 3,000, ಕನ್ಫರ್ಮೇಶನ್ (ಸತ್ತವರ ಆಸ್ತಿ ವಿಲೇವಾರಿಗೆ ಕೋರ್ಟಿನಿಂದ ಪಡೆಯುವ ಅಧಿಕಾರ ಪತ್ರ) ಖರ್ಚು 2,000 ಹೋಗುತ್ತದೆ ಅಂದುಕೊಳ್ಳಿ. ಉಳಿದದ್ದು 1,62,000. ಅಡಮಾನದ 60,000 ಇಲ್ಲಿ ಕಳೆಯುವ ಹಾಗಿಲ್ಲ, ಅದು ಮನೆಯ ಮೇಲಿನ ಸಾಲ, ಮನೆಯ ಬೆಲೆಯಲ್ಲೇ ಕಳೆಯಬೇಕು. ಮೂರನೇ ಒಂದು ಭಾಗ 54,000, ಮೂವರಿಗೆ ಹಂಚಿದರೆ ತಲೆಗೆ 18,000. ತಾಯಿ ಮೊದಲೇ ತೀರಿಕೊಂಡಿದ್ದರೆ 81,000, ತಲೆಗೆ 27,000.

ಉಳಿದ ಇಬ್ಬರು ಕೇಳದಿದ್ದರೆ 54,000ವೂ ಹಿರಿಮಗನಿಗೇ ಹೋಗುತ್ತದಲ್ಲ ಎಂದು ಬಹಳ ಜನ ಹೆದರುತ್ತಾರೆ. ಹಾಗಿಲ್ಲ. ತಂದೆ ಸತ್ತ ಮೇಲೆ ಕೇಳದೆ ಬಿಟ್ಟವರ ಪಾಲು ವಿಲ್ ಪ್ರಕಾರ ಯಾರಿಗೆ ಹೋಗಬೇಕೋ ಅವರಿಗೇ ಸೇರುತ್ತದೆ. ಹಿರಿಮಗನಿಗೆ ಸಿಗುವುದು ಅವನ 18,000 ಮಾತ್ರ.

ಕರಿಮೆಣಸು

ಗುಮಾಸ್ತರ ಲೆಕ್ಕಕ್ಕೆ ಒಂದು ಸೇರ್ಪಡೆ. ಯಾವುದು ಚರ, ಯಾವುದು ಸ್ಥಿರ ಎಂದು ನೋಡುವುದು ಸತ್ತ ದಿನದ ಸ್ಥಿತಿಯಲ್ಲಿ. ವಿಲ್ ಬರೆದ ದಿನದ ಸ್ಥಿತಿಯಲ್ಲಿ ಅಲ್ಲ. ಯೋಜನೆಗಳು ಕೆಡುವುದು ಹೆಚ್ಚಾಗಿ ಇಲ್ಲೇ.

ಇದೇ ತಂದೆ ಉಳಿತಾಯದಿಂದ 60,000 ತೆಗೆದು ಮನೆಸಾಲ ತೀರಿಸಿದರೆ ಒಟ್ಟು ಆಸ್ತಿ ಒಂದು ಪೌಂಡೂ ಕಡಿಮೆಯಾಗದು, ಆದರೆ ಚರಾಸ್ತಿ 1,02,000ಕ್ಕೆ ಇಳಿಯುತ್ತದೆ. ಮಗನ ಪಾಲು 18,000ದಿಂದ ಸುಮಾರು 11,333ಕ್ಕೆ ಬರುತ್ತದೆ. ಯಾವ ಟ್ರಸ್ಟೂ ಬೇಡ, ಬ್ಯಾಂಕಿಗೆ ಒಂದು ಅರ್ಜಿ ಸಾಕು. ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ ಉಂಟೇ ಎಂದು ಮೊದಲು ಕೇಳಿಕೊಳ್ಳಿ.

ಇದರ ತಿರುಗುಮುರುಗೂ ಆಗುತ್ತದೆ. ವಯಸ್ಸಾದವರು ಕೇರ್ ಹೋಮ್‌ಗೆ ಹೋಗುತ್ತಾರೆ, ಪವರ್ ಆಫ್ ಅಟಾರ್ನಿ ಇರುವ ಮಗಳು ಮನೆ ಮಾರಿ ದುಡ್ಡನ್ನು ಖಾತೆಗೆ ಹಾಕುತ್ತಾಳೆ. ಲೆಜಿಟಿಮ್ ಮುಟ್ಟಲಾರದ ಮನೆ ಒಂದೇ ದಿನದಲ್ಲಿ ಲೆಜಿಟಿಮ್ ಲೆಕ್ಕಕ್ಕೆ ಸೇರುವ ನಗದಾಯಿತು. ಮಾರಾಟ ಪೂರ್ತಿ ಮುಗಿದಿರಬೇಕು ಅಂತಲೂ ಇಲ್ಲ. ಮಿಸಿವ್ಸ್, ಅಂದರೆ ಎರಡೂ ಕಡೆಯ ಸಾಲಿಸಿಟರ್‌ಗಳ ಒಪ್ಪಂದದ ಪತ್ರಗಳು, ಅಂತಿಮವಾದ ಮೇಲೆ ಮಾರುವವರು ತೀರಿಕೊಂಡರೆ ಬರಬೇಕಾದ ಬೆಲೆ ಚರಾಸ್ತಿಯೇ. ಬೀಗದ ಕೈ ಇನ್ನೂ ಕೊಟ್ಟಿಲ್ಲ ಎಂಬ ವಾದ ನಡೆಯುವುದಿಲ್ಲ.

ಮನೆಸಾಲಕ್ಕೆಂದು ಮಾಡಿಸಿದ ಜೀವವಿಮೆಯನ್ನೂ ನೋಡಿ. ವಿಮೆಯ ಹಣ ಎಸ್ಟೇಟಿಗೆ (ಸತ್ತವರು ಬಿಟ್ಟುಹೋದ ಒಟ್ಟು ಆಸ್ತಿಗೆ) ಬರುವಂತಿದ್ದರೆ ಅದು ಚರಾಸ್ತಿಯನ್ನು ಉಬ್ಬಿಸುತ್ತದೆ, ಸಾಲ ಮಾತ್ರ ಮನೆಯ ಲೆಕ್ಕದಲ್ಲೇ ಕಳೆಯುತ್ತದೆ. ವಿಮೆಯನ್ನು ಟ್ರಸ್ಟಿನಲ್ಲಿ ಇಟ್ಟಿದ್ದರೆ ಆ ಹಣ ಎಸ್ಟೇಟಿನ ಹೊರಗೆ. ಪಿಂಚಣಿ ಟ್ರಸ್ಟಿಗಳು ತಮ್ಮ ವಿವೇಚನೆಯಿಂದ ಕೊಡುವ ಮರಣಾನಂತರದ ಮೊತ್ತವೂ ಹಾಗೆಯೇ.

ಲೆಕ್ಕದ ಪುಸ್ತಕ

ಹಾಗಾದರೆ ಸುಲಭ ದಾರಿ ಇದೆಯಲ್ಲ. ಬ್ಯಾಂಕ್ ಖಾತೆಯನ್ನು ಹೆಂಡತಿಯ ಜೊತೆ ಜಂಟಿ ಮಾಡಿ, ಬದುಕಿದವರಿಗೆ ಸೇರತಕ್ಕದ್ದು ಎಂದು ಬರೆಸಿಬಿಟ್ಟರೆ ಮುಗಿಯಿತು.

ಗುಮಾಸ್ತ

ಇಲ್ಲ ಸರ್, ಇದು ಇಂಗ್ಲೆಂಡಿನ ವೆಬ್‌ಸೈಟ್ ಓದಿ ಸ್ಕಾಟ್ಲೆಂಡಿನಲ್ಲಿ ಮಾಡುವ ತಪ್ಪು. ಇಲ್ಲಿ ಆ ಸಾಲಿಗೆ ಇರುವ ಅರ್ಥ, ಬ್ಯಾಂಕು ಬದುಕಿದವರಿಗೆ ದುಡ್ಡು ಕೊಟ್ಟರೆ ಬ್ಯಾಂಕಿನ ಮೇಲೆ ತಪ್ಪು ಬರುವುದಿಲ್ಲ, ಅಷ್ಟೇ. ದುಡ್ಡು ಯಾರದು ಎಂಬುದು ಯಾರು ಹಾಕಿದರು ಎಂಬುದರ ಮೇಲೆ ನಿಂತಿದೆ. ಗಂಡನ ಸಂಬಳ, ಪಿಂಚಣಿಯಿಂದಲೇ ಖಾತೆ ತುಂಬಿದ್ದರೆ, ಅವರು ಬದುಕಿದ್ದಾಗ ಹೆಂಡತಿಗೆ ದಾನ ಮಾಡಿದ್ದಕ್ಕೆ ಬೇರೆ ಪುರಾವೆ ಇಲ್ಲದಿದ್ದರೆ, ಅದು ಅವರ ಎಸ್ಟೇಟು. ಮಗನ ಕಡೆಯ ವಕೀಲರು ಮೊದಲು ಕೇಳುವುದೇ ಜಂಟಿ ಖಾತೆಯ ಸ್ಟೇಟ್‌ಮೆಂಟ್.

ಮನೆಯ ಟೈಟಲ್‌ನಲ್ಲಿ ಬದುಕಿದವರಿಗೆ ಎಂದಿದ್ದರೆ ಅದು ಬೇರೆ ವಿಷಯ. ಆಗ ಪಾಲು ನೇರವಾಗಿ ಇನ್ನೊಬ್ಬರಿಗೆ ಹೋಗುತ್ತದೆ. ಆದರೆ ಮನೆಯ ಮೇಲೆ ಲೆಜಿಟಿಮ್ ಹೇಗೂ ಇಲ್ಲ.

ನಿಜವಾದ ದಾನ ಕೆಲಸ ಮಾಡುತ್ತದೆ. ಬದುಕಿದ್ದಾಗ ತಂದೆ ತನ್ನ ದುಡ್ಡನ್ನು ಮಗಳಿಗೋ ದೇವಸ್ಥಾನಕ್ಕೋ ಕೊಟ್ಟು ಕೈತೊಳೆದುಕೊಂಡರೆ, ಲೆಜಿಟಿಮ್ ಕೇಳುವವನು ಅದನ್ನು ಹಿಂದಕ್ಕೆ ಎಳೆದು ತರಲಾರ. ಕೊಟ್ಟ ಹಾಗೆ ಮಾಡಿ ಬಡ್ಡಿಯನ್ನು ತಾನೇ ಉಣ್ಣುತ್ತಿದ್ದರೆ ಮಾತ್ರ ಜಗಳಕ್ಕೆ ದಾರಿ. ಎಪ್ಪತ್ತು ದಾಟಿದವರಿಗೆ ಇದನ್ನು ಸಲಹೆ ಮಾಡಲು ನನಗೆ ಮನಸ್ಸಿಲ್ಲ. ಮಗನಿಗೆ 18,000 ತಪ್ಪಿಸಲು ಹೋಗಿ ತನ್ನ ಔಷಧಿಗೆ ಮಗಳ ಮುಖ ನೋಡಬೇಕಾದೀತು.

ಇನ್ನೊಂದು ಅಡ್ಡವಿಷಯ. ಬದುಕಿದ್ದಾಗ ತಂದೆಯಿಂದ ಮುಂಗಡವಾಗಿ ದೊಡ್ಡ ಮೊತ್ತ ಪಡೆದ ಮಗನೂ ಲೆಜಿಟಿಮ್ ಕೇಳಿ, ಇನ್ನೊಬ್ಬ ಮಗನೂ ಲೆಜಿಟಿಮ್ ಕೇಳಿದರೆ, ಮೊದಲಿನವನು ತಾನು ಪಡೆದದ್ದನ್ನು ಲೆಕ್ಕಕ್ಕೆ ತರಬೇಕು. ಇದಕ್ಕೆ ಕೊಲೇಷನ್ ಎಂದು ಹೆಸರು. ಲೆಜಿಟಿಮ್ ಕೇಳುವ ಮಕ್ಕಳ ನಡುವೆ ಮಾತ್ರ ಇದು ನಡೆಯುತ್ತದೆ, ವಿಲ್‌ನಿಂದ ಪಡೆಯುವವರು ಇದನ್ನು ಎತ್ತುವ ಹಾಗಿಲ್ಲ.

ಸೀಗೆಬಾಗಿ

ವಿಲ್‌ನಲ್ಲಿ ಹಿರಿಮಗನಿಗೆ 10,000 ಬರೆದು, ಇಷ್ಟಕ್ಕೇ ತೃಪ್ತಿಪಡತಕ್ಕದ್ದು ಎಂದರೆ?

ಗುಮಾಸ್ತ

ಆಗ ಅವನಿಗೆ ಆಯ್ಕೆ ಇದೆ: 10,000 ತಗೊಳ್ಳಬೇಕು, ಇಲ್ಲವೇ ಲೆಜಿಟಿಮ್ ತಗೊಳ್ಳಬೇಕು. ಎರಡೂ ಸಿಗುವುದಿಲ್ಲ. ವಿಲ್‌ನಲ್ಲಿ ಹಾಗೆ ಬರೆಯದಿದ್ದರೂ 1964ರ ಸಕ್ಸೆಷನ್ ಕಾಯ್ದೆಯ 13ನೇ ಸೆಕ್ಷನ್ ಅದನ್ನೇ ಹೇಳುತ್ತದೆ. 1964ರ ಸೆಪ್ಟೆಂಬರ್ 10ರ ನಂತರ ಬರೆದ ವಿಲ್‌ಗಳಿಗೆಲ್ಲ ಇದು ತಾನಾಗಿಯೇ ಅನ್ವಯ. 18,000 ಸಿಗುವಾಗ 10,000ಕ್ಕೆ ಯಾರು ಸಹಿ ಹಾಕುತ್ತಾರೆ? ಕೊಡುವುದಾದರೆ ಲೆಜಿಟಿಮ್‌ಗಿಂತ ಸ್ವಲ್ಪ ಹೆಚ್ಚು ಕೊಡಿ, ಅಥವಾ ಆಸ್ತಿಯ ಇಂತಿಷ್ಟು ಶೇಕಡಾ ಎಂದು ಬರೆಯಿರಿ. ಅಂಕಿ ಬರೆದಿಟ್ಟರೆ ಷೇರು ಏರಿದಾಗ ಹಳತಾಗುತ್ತದೆ.

ಲೆಜಿಟಿಮ್ ಕೊಟ್ಟರೆ ಯಾರಿಗೆ ಹೊಡೆತ ಎಂಬುದನ್ನೂ ನೋಡಿ. ಮೊದಲು ತೆತ್ತುಕೊಳ್ಳುವುದು ಹೆಸರಿಸಿ ಕೊಟ್ಟದ್ದೆಲ್ಲ ಹೋಗಿ ಉಳಿದದ್ದನ್ನು ವಿಲ್ ಪ್ರಕಾರ ಪಡೆಯುವವರು. ಇಲ್ಲಿ ತಾಯಿ. ಜೊತೆಗೆ ಸತ್ತ ದಿನದಿಂದ ಬಡ್ಡಿಯೂ ಓಡುತ್ತದೆ.

ಕರಿಮೆಣಸು

ತಾಯಿಗೆ ಹೊಡೆತ ಅಂದದ್ದಕ್ಕೆ ನೆನಪಾಯಿತು. ಕೆಲವರು ಹೇಳುವ ಒಂದು ಉಪಾಯ ಇದೆ, 1968ರ ಕೆರ್ ಪ್ರಕರಣದಿಂದ ಬಂದದ್ದು. ವಿಲ್‌ನಲ್ಲಿ ಎಲ್ಲ ತನಗೇ ಇದ್ದರೂ ಹೆಂಡತಿ ಅದನ್ನು ಬೇಡ ಎನ್ನುತ್ತಾಳೆ. ಆಗ ವಿಲ್ ಇಲ್ಲದೆ ಸತ್ತಂತೆ ಆಗುತ್ತದೆ, ಪ್ರಯರ್ ರೈಟ್ಸ್ (ವಿಲ್ ಇಲ್ಲದಾಗ ಸಂಗಾತಿಗೆ ಎಲ್ಲರಿಗಿಂತ ಮೊದಲು ಸಿಗುವ ಪಾಲು) ಬಾಗಿಲು ತೆರೆಯುತ್ತದೆ: ವಾಸದ ಮನೆ 4,73,000ದವರೆಗೆ, ಮನೆ ಸಾಮಾನು 29,000ದವರೆಗೆ, ಮಕ್ಕಳಿದ್ದರೆ ನಗದು 50,000. ಇವೆಲ್ಲ ಲೆಜಿಟಿಮ್‌ಗಿಂತ ಮೊದಲು. ಸಣ್ಣ ಎಸ್ಟೇಟಾದರೆ ಅಲ್ಲಿಗೇ ಎಲ್ಲ ಮುಗಿದು ಮಗನಿಗೆ ಏನೂ ಉಳಿಯುವುದಿಲ್ಲ.

ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿದರೆ ಮಾತ್ರ ಕೈ ಸುಟ್ಟುಕೊಳ್ಳುತ್ತೀರಿ. ಮನೆ ತಾಯಿಗೆ. 1,62,000ದಲ್ಲಿ ಸಾಮಾನು 4,000, ನಗದು 50,000 ತಾಯಿಗೆ. ಉಳಿಯುವುದು 1,08,000. ಅದರಲ್ಲಿ ತಾಯಿಗೆ 36,000, ಲೆಜಿಟಿಮ್ 36,000. ಇನ್ನುಳಿದ 36,000? ವಿಲ್ ಇಲ್ಲದಿದ್ದಾಗ ಅದು ಮಕ್ಕಳಿಗೇ! ಹಿರಿಮಗನಿಗೆ 12,000 ಮತ್ತೆ 12,000, ಒಟ್ಟು 24,000. ವಿಲ್ ಇಟ್ಟುಕೊಂಡಿದ್ದರೆ 18,000 ಕೊಟ್ಟರೆ ಸಾಕಿತ್ತು. ಈ ಕುಟುಂಬದಲ್ಲಿ ನಿವ್ವಳ ಚರಾಸ್ತಿ 54,000 ಮೀರದಿದ್ದರೆ ಮಾತ್ರ ಉಪಾಯ ಪೂರ್ತಿ ಫಲಿಸುತ್ತಿತ್ತು. ಹಾಳೆಯ ಮೇಲೆ ಲೆಕ್ಕ ಹಾಕದೆ ಇದಕ್ಕೆ ಕೈಹಾಕಬೇಡಿ.

ಹೇಮಾವತಿ

ಎಲ್ಲರೂ ಒಂದು ಪ್ರಶ್ನೆಯನ್ನು ಹಾರಿಬಿಟ್ಟಿದ್ದೀರಿ. ಈ ತಂದೆಯ ಡಾಮಿಸೈಲ್, ಅಂದರೆ ಕಾನೂನಿನ ದೃಷ್ಟಿಯಲ್ಲಿ ಶಾಶ್ವತ ನೆಲೆ, ಎಲ್ಲಿಯದು? ಸತ್ತಾಗ ಸ್ಕಾಟ್ಲೆಂಡ್ ಡಾಮಿಸೈಲ್ ಇದ್ದವರಿಗೆ ಮಾತ್ರ ಲೀಗಲ್ ರೈಟ್ಸ್. ಇದ್ದರೆ ಪ್ರಪಂಚದ ಯಾವ ಮೂಲೆಯ ಚರಾಸ್ತಿಯೂ ಲೆಕ್ಕಕ್ಕೆ ಬರುತ್ತದೆ, ಬೆಂಗಳೂರಿನ ಎಫ್‌ಡಿ ಸಮೇತ. ಇಲ್ಲದಿದ್ದರೆ ಎಡಿನ್‌ಬರೊ ಬ್ಯಾಂಕಿನ ದುಡ್ಡಿಗೂ ಲೆಜಿಟಿಮ್ ಇಲ್ಲ.

ಡಾಮಿಸೈಲ್ ಅಂದರೆ ಪೌರತ್ವವಲ್ಲ, ವೀಸಾ ಅಲ್ಲ, ತೆರಿಗೆ ಕಟ್ಟುವ ಜಾಗವೂ ಅಲ್ಲ. ಹುಟ್ಟಿನಿಂದ ಬಂದ ಡಾಮಿಸೈಲ್ ಭಾರತದ್ದಾದರೆ, ಸ್ಕಾಟ್ಲೆಂಡಿನಲ್ಲಿ ವಾಸವಾಗಿದ್ದು ಇನ್ನು ಇಲ್ಲೇ ಇರುತ್ತೇನೆ ಎಂಬ ನಿಶ್ಚಯ ಎರಡೂ ಸೇರಿದಾಗ ಮಾತ್ರ ಅದು ಬದಲಾಗುತ್ತದೆ. ನಿವೃತ್ತಿಯ ನಂತರ ಮೈಸೂರಿಗೆ ಹೋಗುತ್ತೇನೆ ಎಂಬುದು ಬರೀ ಬಾಯಿಮಾತೋ ನಿಜವಾದ ಯೋಜನೆಯೋ ಎಂಬುದರ ಮೇಲೆ ವಾದ ನಿಲ್ಲುತ್ತದೆ. ಸ್ಕಾಟ್ಲೆಂಡ್ ಬಿಟ್ಟು ಬೇರೆಲ್ಲೂ ನೆಲೆ ಊರದೆ ಇದ್ದರೆ ಹುಟ್ಟಿನ ಡಾಮಿಸೈಲ್ ಮತ್ತೆ ಜೀವ ಪಡೆಯುತ್ತದೆ, ಉಡ್ನಿ ಪ್ರಕರಣದಲ್ಲಿ 1869ರಲ್ಲೇ ಹೌಸ್ ಆಫ್ ಲಾರ್ಡ್ಸ್ ಹೇಳಿದ ಮಾತು. ವಿಲ್‌ನಲ್ಲಿ ನನ್ನ ಡಾಮಿಸೈಲ್ ಇಂಥದ್ದು ಎಂದು ಬರೆದರೆ ಅದು ಒಂದು ಸಾಕ್ಷ್ಯ, ತೀರ್ಪಲ್ಲ. ಇನ್‌ಹೆರಿಟೆನ್ಸ್ ಟ್ಯಾಕ್ಸ್ 2025ರ ಏಪ್ರಿಲ್ 6ರಿಂದ ಡಾಮಿಸೈಲ್ ಬಿಟ್ಟು ವಾಸದ ವರ್ಷಗಳನ್ನು ನೋಡುತ್ತದೆ. ಅದನ್ನು ಓದಿ ಡಾಮಿಸೈಲ್ ರದ್ದಾಯಿತು ಎಂದುಕೊಂಡವರಿದ್ದಾರೆ. ಉತ್ತರಾಧಿಕಾರಕ್ಕೆ ಅದು ಇನ್ನೂ ಹಾಗೇ ಇದೆ.

ಮೈಸೂರಿನ ಸೈಟು ಸ್ಥಿರಾಸ್ತಿ, ಅದಕ್ಕೆ ಭಾರತದ ಕಾನೂನು. ತಂದೆ ಹಿಂದೂ ಆದರೆ ಸ್ವಯಾರ್ಜಿತ ಸೈಟನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು, ಹಿರಿಮಗನನ್ನು ಪೂರ್ತಿ ಬಿಡಬಹುದು. ಪಿತ್ರಾರ್ಜಿತವಾಗಿದ್ದರೆ ಮಗನಿಗೆ ಹುಟ್ಟಿನಿಂದಲೇ ಪಾಲು, ತಂದೆ ಬರೆಯಬಹುದಾದದ್ದು ತನ್ನ ಪಾಲನ್ನು ಮಾತ್ರ. ಹೆಣ್ಣುಮಕ್ಕಳಿಗೂ ಆ ಹಕ್ಕು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಿಂದ ಬಂತು. ಮುಸ್ಲಿಮರಿಗೆ ನಿಯಮವೇ ಬೇರೆ, ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ವಿಲ್ ನಡೆಯುವುದಿಲ್ಲ.

ಎಫ್‌ಡಿಗೆ ಮಗಳನ್ನು ನಾಮಿನಿ ಮಾಡಿದ್ದೇವೆ, ಆದ್ದರಿಂದ ಅದು ಎಸ್ಟೇಟಿಗೆ ಸೇರುವುದಿಲ್ಲ ಎಂದೂ ಹೇಳಬೇಡಿ. ನಾಮಿನಿ ಬ್ಯಾಂಕಿನಿಂದ ದುಡ್ಡು ಇಸಿದುಕೊಳ್ಳುವವರು, ಒಡೆಯರಲ್ಲ. ಭಾರತದ ಸುಪ್ರೀಂ ಕೋರ್ಟು ಇದನ್ನು ಹೇಳಿ ಆಗಿದೆ.

ಸೀಗೆಬಾಗಿ

ಮಕ್ಕಳು ಅಂದರೆ ಯಾರ್ಯಾರು? ಮಲಮಗ, ದತ್ತು?

ಹೇಮಾವತಿ

ದತ್ತು ಮಕ್ಕಳಿಗೆ ದತ್ತು ಪಡೆದವರ ಎಸ್ಟೇಟಿನಲ್ಲಿ ಪೂರ್ಣ ಹಕ್ಕು, ಹೆತ್ತವರದ್ದರಲ್ಲಿ ಇಲ್ಲ. ಮಲಮಕ್ಕಳಿಗೆ ಇಲ್ಲ. ತಂದೆತಾಯಿ ಮದುವೆಯಾಗಿರಲಿ ಬಿಡಲಿ ಮಕ್ಕಳಿಗೆ ಒಂದೇ ಹಕ್ಕು. ತಂದೆಗಿಂತ ಮೊದಲೇ ತೀರಿಕೊಂಡ ಮಗನ ಪಾಲು ಅವನ ಮಕ್ಕಳಿಗೆ ಬರುತ್ತದೆ, ಹಾಗಾಗಿ ಮೊಮ್ಮಕ್ಕಳನ್ನು ಬಿಟ್ಟೆವು ಎಂದರೂ ತಪ್ಪಿಸಿದಂತಾಗದು. ವಿಲ್ ಬರೆದ ಮೇಲೆ ಹುಟ್ಟಿದ ಮಗುವಿಗೆ ಅದರಲ್ಲಿ ಏನೂ ಇಲ್ಲದಿದ್ದರೆ ಆ ಮಗು ಇಡೀ ವಿಲ್ಲನ್ನೇ ಪ್ರಶ್ನಿಸಲು ಅವಕಾಶವಿದೆ. ಆದ್ದರಿಂದ ಮಗು ಹುಟ್ಟಿದ ಮೇಲೆ ಹೊಸ ವಿಲ್ ಬರೆಯಿರಿ.

ಲೆಕ್ಕದ ಪುಸ್ತಕ

ಜಂಟಿ ಖಾತೆಯ ವಿಷಯ ಒಪ್ಪಿದೆ. ಕಂಪನಿ ಮಾಡಿ ಅಂಗಡಿ ಕಟ್ಟಡವನ್ನು ಅದರಲ್ಲಿ ಹಾಕಿದರೆ?

ಕರಿಮೆಣಸು

ಉಲ್ಟಾ ಹೊಡೆಯುತ್ತದೆ. ಕಟ್ಟಡ ಕಂಪನಿಯದ್ದು, ನಿಮ್ಮ ಕೈಯಲ್ಲಿರುವುದು ಷೇರು. ಷೇರು ಚರಾಸ್ತಿ. ಪಾಲುದಾರಿಕೆ ಸಂಸ್ಥೆಯೂ ಹಾಗೆಯೇ. ಸ್ಕಾಟ್ಲೆಂಡಿನ ರೈತ ಕುಟುಂಬಗಳಲ್ಲಿ ಇದು ದೊಡ್ಡ ತಲೆನೋವು. ಜಮೀನು ತಂದೆಯ ಹೆಸರಿನಲ್ಲೇ ಇದ್ದರೆ ಲೆಜಿಟಿಮ್ ಮುಟ್ಟುವುದಿಲ್ಲ. ಅಕೌಂಟೆಂಟ್ ಹೇಳಿದರೆಂದು ಅದೇ ಜಮೀನನ್ನು ಪಾಲುದಾರಿಕೆಯ ಬ್ಯಾಲೆನ್ಸ್ ಶೀಟಿಗೆ ಹಾಕಿದರೆ ಅದರಲ್ಲಿನ ತಂದೆಯ ಪಾಲು ಚರಾಸ್ತಿಯಾಯಿತು. ಬೇಸಾಯ ಮಾಡದೆ ಊರು ಬಿಟ್ಟ ಮಗ ಬಂದು ಕೇಳಿದಾಗ, ಕೊಡಲು ನಗದಿಲ್ಲದೆ ಹೊಲ ಮಾರುವ ಸ್ಥಿತಿ. ವಿಲ್ ಓದುವ ಮೊದಲು ಬ್ಯಾಲೆನ್ಸ್ ಶೀಟ್ ಓದಬೇಕು.

ತೊರೆಸಾಲು

ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವ ಹೊಣೆ ಹೊತ್ತವರು) ಆದವರ ಕಡೆಯಿಂದ ಎರಡು ಮಾತು, ಕೊನೆಗೆ ತಲೆ ಕೊಡುವವರು ಅವರೇ. ಹಿರಿಮಗ ಸುಮ್ಮನಿದ್ದಾನೆ, ನಾವೂ ಸುಮ್ಮನಿರೋಣ ಎಂದು ಎಲ್ಲ ಹಂಚಿಬಿಟ್ಟರೆ ಕೆಟ್ಟಿರಿ. ಅವನ ಹಕ್ಕು 20 ವರ್ಷ ಜೀವಂತ. ಕೇಳದೆ ಅವನೇ ತೀರಿಕೊಂಡರೂ ಹಕ್ಕು ಅವನ ಎಸ್ಟೇಟಿಗೆ ಹೋಗುತ್ತದೆ. ಹಂಚಿದ ಎಕ್ಸಿಕ್ಯೂಟರ್ ಕೈಯಿಂದ ತೆರಬೇಕಾಗಬಹುದು.

ಸರಿಯಾದ ಕ್ರಮ ಹೀಗೆ. ಕನ್ಫರ್ಮೇಶನ್‌ಗೆ ಕೊಟ್ಟ ಆಸ್ತಿ ಪಟ್ಟಿಯಲ್ಲಿ ಚರ, ಸ್ಥಿರ ಬೇರೆ ಮಾಡಿ ಲೆಜಿಟಿಮ್ ಲೆಕ್ಕ ಹಾಕಿ. ವಿಲ್‌ನಲ್ಲಿ ಅವನಿಗೇನಿದೆ, ಲೆಜಿಟಿಮ್ ಎಷ್ಟು ಬರುತ್ತದೆ ಎಂದು ಎರಡನ್ನೂ ಪತ್ರದಲ್ಲಿ ತಿಳಿಸಿ. ಸ್ವಂತ ಸಾಲಿಸಿಟರ್ ಹತ್ತಿರ ವಿಚಾರಿಸಿಕೊಳ್ಳಿ ಎಂಬ ಸಾಲು ಕಡ್ಡಾಯವಾಗಿ ಇರಲಿ, ಅದಿಲ್ಲದೆ ಪಡೆದ ಸಹಿ ಮುಂದೆ ಮುರಿಯಬಹುದು. ಬೇಡ ಎಂದರೆ ಹಕ್ಕು ಬಿಟ್ಟಿದ್ದೇನೆ ಎಂದು ಬರವಣಿಗೆಯಲ್ಲಿ ಡಿಸ್‌ಚಾರ್ಜ್ ಪಡೆಯಿರಿ. ಉತ್ತರವೇ ಬರದಿದ್ದರೆ ಆ 18,000 ಮತ್ತು ಬಡ್ಡಿಗೆ ಆಗುವಷ್ಟು ತೆಗೆದಿಡಿ, ಇಲ್ಲವೇ ಹಣ ಪಡೆಯುವವರಿಂದ ವಾಪಸು ಕೊಡುತ್ತೇವೆ ಎಂಬ ಬರವಣಿಗೆ ಪಡೆಯಿರಿ.

ಕೇಳುವವರು 16 ತುಂಬದ ಮಗುವಾದರೆ, ಎಲ್ಲವನ್ನೂ ವಿಲ್‌ನಲ್ಲಿ ಪಡೆಯುವ ತಾಯಿಯೇ ಮಗುವಿನ ಪರವಾಗಿ ಬೇಡ ಎಂದು ಸಹಿ ಹಾಕುವುದು ಸರಿಯಲ್ಲ. ಅವರ ಹಿತ ಬೇರೆ, ಮಗುವಿನ ಹಿತ ಬೇರೆ. ಮಗುವಿಗೆ ಸೇರಬೇಕಾದದ್ದು 20,000 ಪೌಂಡ್ ಮೀರಿದರೆ ಎಕ್ಸಿಕ್ಯೂಟರ್ ಕೋರ್ಟಿನ ಮೇಲ್ವಿಚಾರಣಾ ಅಧಿಕಾರಿಯಾದ ಅಕೌಂಟೆಂಟ್ ಆಫ್ ಕೋರ್ಟ್‌ಗೆ ಅರ್ಜಿ ಹಾಕಿ ನಿರ್ದೇಶನ ಪಡೆಯಲೇಬೇಕು.

ಕ್ಲೈಡ್ ದಡ

ಎಲ್ಲರಿಗೂ ಧನ್ಯವಾದ. ಮುಂದೆ ಕಾನೂನು ಬದಲಾಗುವ ಸುದ್ದಿ ಇದೆಯೇ? ಹಿರಿಮಗ ಈಗಲೇ, ತಂದೆ ಇರುವಾಗಲೇ, ಸಹಿ ಹಾಕಿಕೊಟ್ಟರೆ ನಡೆಯುತ್ತದೆಯೇ?

ಗುಮಾಸ್ತ

ಸ್ಕಾಟಿಷ್ ಲಾ ಕಮಿಷನ್ 2009ರಲ್ಲೇ ಬದಲಾವಣೆ ಸೂಚಿಸಿತ್ತು. ಚರ, ಸ್ಥಿರ ಭೇದ ತೆಗೆದುಹಾಕುವ ಮಾತೂ ಅದರಲ್ಲಿತ್ತು. ಒಮ್ಮತ ಬರಲಿಲ್ಲ. ಉತ್ತರಾಧಿಕಾರದ ಬಗ್ಗೆ ಆಮೇಲೆ ಬಂದ 2016ರ ಕಾಯ್ದೆ, 2024ರ ಕಾಯ್ದೆ ಎರಡೂ ಲೆಜಿಟಿಮ್ ತಂಟೆಗೆ ಹೋಗಿಲ್ಲ. ಇವತ್ತಿನ ಭಿನ್ನರಾಶಿ ಇಟ್ಟುಕೊಂಡೇ ಯೋಚಿಸಿ.

ತಂದೆ ಇರುವಾಗಲೇ ಡಿಸ್‌ಚಾರ್ಜ್ ಕೊಡಬಹುದು. ಸಾಮಾನ್ಯವಾಗಿ ಏನಾದರೂ ಮೊತ್ತ ಪಡೆದು ಕೊಡುತ್ತಾರೆ. ಆದರೆ ಪರಿಣಾಮ ಬೇರೆ. ಬದುಕಿದ್ದಾಗ ಬಿಟ್ಟುಕೊಟ್ಟ ಮಗನನ್ನು ತಲೆ ಎಣಿಕೆಯಿಂದಲೇ ತೆಗೆಯುತ್ತಾರೆ. ಅದೇ 54,000ವನ್ನು ಮೂರರ ಬದಲು ಎರಡರಿಂದ ಭಾಗಿಸಬೇಕು, ಉಳಿದ ಇಬ್ಬರಲ್ಲಿ ಕೇಳಿದವರಿಗೆ ತಲಾ 27,000. ತಾಯಿಗೆ ಹೆಚ್ಚು ಉಳಿಯಲಿ ಎಂದು ಹಿರಿಮಗನ ಸಹಿ ಪಡೆದು, ಆಮೇಲೆ ಕಿರಿಯವಳು ತಾಯಿಯ ಜೊತೆ ಮುನಿಸಿಕೊಂಡು ಕೇಳಿದರೆ, ಅವಳಿಗೆ ಹೋಗುವುದು 18,000 ಅಲ್ಲ, 27,000. ಹಾಗಾಗಿ ಪಡೆಯುವುದಾದರೆ ಮೂವರದ್ದೂ ಒಟ್ಟಿಗೆ ಪಡೆಯಿರಿ, ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲಿಸಿಟರ್ ಇರಲಿ.